ಸರ್ವರ್ ನಿಂತರೂ ಸೇವೆ ನಿಲ್ಲದಿರಲಿ
(ಹನೂರು ತಾಲ್ಲೂಕಿನ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ಉಪನ್ಯಾಸದ ಪಠ್ಯ)



"ಸರ್ವರ್ ಇಲ್ಲ, ನಾಳೆ ಬನ್ನಿ" ಎಂಬ ಮಾತು ಪಂಚಾಯಿತಿ ಕಚೇರಿಗಳಿಗೆ ಹೊಸದಲ್ಲ. ಮಲೆ ಮಹದೇಶ್ವರ ಬೆಟ್ಟದ ಸುತ್ತಲ ಕಾಡಂಚಿನ ಊರಿನಿಂದ ಕೂಲಿ ಬಿಟ್ಟು ಬಂದವರಿಗೆ ಆ ಮಾತಿನ ಬೆಲೆ ಇನ್ನೊಂದು ದಿನದ ಕೂಲಿ. ಆದುದರಿಂದ ಇದು ತಂತ್ರಜ್ಞರ ವಿಷಯ ಮಾತ್ರವಲ್ಲ. ಸದಸ್ಯರು ಅರಿತು ನಿರ್ಣಯ ಕೈಗೊಳ್ಳಬೇಕಾದ ಆಡಳಿತದ ವಿಷಯ.

ಪಂಚತಂತ್ರ, ಇ-ಸ್ವತ್ತು ಮೊದಲಾದ ತಂತ್ರಾಂಶಗಳ ಮಾಹಿತಿಯು ಪಂಚಾಯಿತಿಯ ಕಂಪ್ಯೂಟರಿನಲ್ಲಿ ಇರುವುದಿಲ್ಲ. ದೂರದ ದತ್ತಾಂಶ ಕೇಂದ್ರದಲ್ಲಿರುತ್ತದೆ. ಇಂತಹ ಸೇವೆಗಳನ್ನು ಒಂದೇ ಯಂತ್ರಕ್ಕೆ ಒಪ್ಪಿಸುವುದು ಕ್ಷೇಮವಲ್ಲವಾದ್ದರಿಂದ ಹಲವು ಸರ್ವರುಗಳನ್ನು ಒಂದು ಗುಂಪಾಗಿ ಜೋಡಿಸುವ ಪದ್ಧತಿಯಿದೆ. ಅದಕ್ಕೆ ಕ್ಲಸ್ಟರ್ ಎಂದು ಹೆಸರು. ಗುಂಪಿನ ಯಂತ್ರಗಳು ತಾವು ಚಾಲನೆಯಲ್ಲಿರುವ ಸಂಕೇತವನ್ನು ಕ್ಷಣಕ್ಷಣವೂ ಪರಸ್ಪರ ಕಳುಹಿಸುತ್ತವೆ. ಒಂದರ ಸಂಕೇತ ನಿಂತರೆ ಅದರ ಕೆಲಸವನ್ನು ಮತ್ತೊಂದು ವಹಿಸಿಕೊಳ್ಳುತ್ತದೆ.

ಆದರೆ ಕ್ಲಸ್ಟರಿಗೂ ಮಿತಿಯಿದೆ. ಕಟ್ಟಡಕ್ಕೇ ಬೆಂಕಿ ಬಿದ್ದರೆ ಗುಂಪಿಗೆ ಗುಂಪೇ ಹೋಗುತ್ತದೆ. ತಪ್ಪಾಗಿ ಅಳಿಸಿದ ಮಾಹಿತಿಯು ಜೊತೆಯ ಯಂತ್ರದಿಂದಲೂ ಕೂಡಲೇ ಅಳಿಸಿಹೋಗಬಹುದು. ಆದ್ದರಿಂದ ದಿನಾಂಕವಾರು ತೆಗೆದ ಪ್ರತಿಯೊಂದು ಬೇರೆ ಊರಿನಲ್ಲಿ ಇರಲೇಬೇಕು. ರಾಷ್ಟ್ರೀಯ ಮಾಹಿತಿ ಕೇಂದ್ರವು ದೆಹಲಿ, ಪುಣೆ, ಹೈದರಾಬಾದ್ ಮತ್ತು ಭುವನೇಶ್ವರಗಳಲ್ಲಿ ದತ್ತಾಂಶ ಕೇಂದ್ರಗಳನ್ನು ಹೊಂದಿದೆ.

ಈ ಎಚ್ಚರಿಕೆ ತಪ್ಪಿದರೆ ಏನಾಗುವುದೆಂಬುದಕ್ಕೆ ದಕ್ಷಿಣ ಕೊರಿಯಾ ಸಾಕ್ಷಿ. 2025ರ ಸೆಪ್ಟೆಂಬರ್ 26ರಂದು ಡೇಜನ್ ನಗರದ ಸರ್ಕಾರಿ ದತ್ತಾಂಶ ಕೇಂದ್ರದಲ್ಲಿ ಬ್ಯಾಟರಿಗಳಿಗೆ ಬೆಂಕಿ ತಗುಲಿ 600ಕ್ಕೂ ಹೆಚ್ಚು ಸರ್ಕಾರಿ ವ್ಯವಸ್ಥೆಗಳು ಸ್ಥಗಿತಗೊಂಡವು. ಸರ್ಕಾರಿ ನೌಕರರು ಕಡತಗಳನ್ನಿಡುತ್ತಿದ್ದ 858 ಟೆರಾಬೈಟ್ ಸಂಗ್ರಹಕ್ಕೆ ಹೊರಗೆ ಪ್ರತಿಯೇ ಇರಲಿಲ್ಲ, ಅದು ಸುಟ್ಟುಹೋಯಿತು. ತಂತ್ರಜ್ಞಾನದಲ್ಲಿ ಮುಂದಿರುವ ದೇಶಕ್ಕೂ ಈ ಗತಿ ಬಂದಿತು.

ಈ ವಿವೇಕ ಹಳ್ಳಿಗೆ ಹೊಸದೇನಲ್ಲ. ಹಗೇವಿನಲ್ಲಿ ರಾಗಿ ತುಂಬಿದ ರೈತನು ಬಿತ್ತನೆ ಬೀಜವನ್ನು ಮನೆಯೊಳಗೆ ಬೇರೆಯಾಗಿಯೇ ಇಡುತ್ತಿದ್ದನು. ಹಗೇವಿಗೆ ನೀರು ಹೊಕ್ಕರೂ ಮುಂದಿನ ಬೆಳೆಗೆ ಬೀಜ ಉಳಿಯುತ್ತಿತ್ತು.

ದತ್ತಾಂಶ ಕೇಂದ್ರಗಳ ನಿರ್ವಹಣೆ ಸರ್ಕಾರದ ಹೊಣೆ. ಆದರೆ ಸಭಾ ನಡವಳಿಯ ಕರಡು, ಕಾಮಗಾರಿಯ ಅಂದಾಜು ಪಟ್ಟಿ, ಛಾಯಾಚಿತ್ರ, ಪತ್ರವ್ಯವಹಾರ ಮುಂತಾದವು ಕಚೇರಿಯ ಒಂದೇ ಕಂಪ್ಯೂಟರಿನಲ್ಲಿದ್ದರೆ ಅವುಗಳ ಹೊಣೆ ಪಂಚಾಯಿತಿಯದೇ. ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಇಂದು ಆ ಯಂತ್ರ ಕೆಟ್ಟರೆ ಎಷ್ಟು ದಿನಗಳ ಕೆಲಸ ನಷ್ಟವಾಗುತ್ತದೆ? ಕಚೇರಿ ಮತ್ತೆ ಕಾರ್ಯಾರಂಭ ಮಾಡಲು ಎಷ್ಟು ದಿನ ಬೇಕು? ಉತ್ತರ ದೊರೆಯದಿದ್ದರೆ ಸಿದ್ಧತೆಯಿಲ್ಲವೆಂದೇ ಅರ್ಥ.

ಮುಂದಿನ ಸಾಮಾನ್ಯ ಸಭೆಯಲ್ಲಿ ಈ ಕೆಳಗಿನ ಅಂಶಗಳನ್ನು ನಿರ್ಣಯಿಸುವುದು ಉಚಿತ:

1. ವಾರಕ್ಕೊಮ್ಮೆ ಕಡತಗಳ ಎರಡು ಪ್ರತಿ ತೆಗೆಯುವುದು. ಒಂದನ್ನು ಕಚೇರಿಯಲ್ಲಿ, ಇನ್ನೊಂದನ್ನು ತಾಲ್ಲೂಕು ಪಂಚಾಯಿತಿಯ ಒಪ್ಪಿಗೆ ಪಡೆದು ಅಲ್ಲಿನ ಬೀರುವಿನಲ್ಲಿ ಬೀಗ ಹಾಕಿಡುವುದು. ಜನರ ಖಾಸಗಿ ವಿವರಗಳಿರುವುದರಿಂದ ಯಾರ ಸ್ವಂತ ಮೊಬೈಲಿನಲ್ಲಿಯೂ ಇಡಬಾರದು.

2. ಮೂರು ತಿಂಗಳಿಗೊಮ್ಮೆ ಆ ಪ್ರತಿಯನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ಪರೀಕ್ಷಿಸುವುದು. ತೆರೆದು ನೋಡದ ಪ್ರತಿಯನ್ನು ನಂಬುವಂತಿಲ್ಲ.

3. ಸರ್ವರ್ ಸ್ಥಗಿತಗೊಂಡ ದಿನ ಅರ್ಜಿಯನ್ನು ಕಾಗದದಲ್ಲಿಯೇ ಸ್ವೀಕರಿಸಿ, ದಿನಾಂಕ ಸಹಿತ ಸ್ವೀಕೃತಿ ನೀಡುವುದು. ಜನನ, ಮರಣಗಳನ್ನು 21 ದಿನಗಳೊಳಗೆ ತಿಳಿಸಬೇಕಾದ ನಿಯಮವಿರುವುದರಿಂದ ಅರ್ಜಿದಾರರಿಗೆ ಆ ದಿನಾಂಕವೇ ಆಧಾರ.

4. ಅರ್ಜಿದಾರರ ದೂರವಾಣಿ ಸಂಖ್ಯೆಯನ್ನು ವಹಿಯಲ್ಲಿ ಬರೆದುಕೊಂಡು, ಕೆಲಸ ಮುಗಿದ ಬಳಿಕ ತಿಳಿಸುವುದು. ಫೋನ್ ಸಿಗದ ಊರುಗಳಿಗೆ ಆ ವಾರ್ಡಿನ ಸದಸ್ಯರ ಮೂಲಕ ಸುದ್ದಿ ಮುಟ್ಟಿಸುವುದು.

ಇವುಗಳಿಗೆ ದೊಡ್ಡ ಅನುದಾನ ಬೇಕಿಲ್ಲ. ಒಂದು ನಿರ್ಣಯ ಹಾಗೂ ಅದನ್ನು ಪ್ರತಿ ಸಭೆಯಲ್ಲಿ ವಿಚಾರಿಸುವ ಸದಸ್ಯರು ಬೇಕು. ಯಂತ್ರ ನಿಂತ ದಿನವೂ ಅರ್ಜಿದಾರರು ಕೈಯಲ್ಲೊಂದು ಸ್ವೀಕೃತಿ ಹಿಡಿದು ಊರಿಗೆ ಮರಳುವಂತಾಗಲಿ.