ಆಟಗಾರ ಯಾವ ರಾಜ್ಯದವನು? ಗಚ್ಚಿಬೌಲಿಯಿಂದ ಒಂದು ಮಾತು

ಹೈದರಾಬಾದಿನಲ್ಲಿ ಕೆಲಸ ಮಾಡೋ ನಮ್ಮಂಥವರಿಗೆ ವಾರಕ್ಕೆ ಎರಡು ಸಲವಾದ್ರೂ ಬರೋ ಪ್ರಶ್ನೆ: "ನಿಮ್ದು ಯಾವ ಊರು?" ನಾನು ಕಲಬುರಗಿ ಅಂತೀನಿ. ಅಲ್ಲಿಗೆ ಮಾತು ಮುಗೀತು. ಆದ್ರೆ ಆಟದ ಮೈದಾನದಲ್ಲಿ ಈ ಪ್ರಶ್ನೆಗೆ ಉತ್ತರ ಅಷ್ಟು ಸಲೀಸಲ್ಲ. ಒಬ್ಬ ಆಟಗಾರ ಯಾವ ರಾಜ್ಯದವನು? ಹುಟ್ಟಿದ ರಾಜ್ಯದವನಾ, ದುಡಿಯೋ ರಾಜ್ಯದವನಾ?

ರಾಜ್ಯ ರಾಜ್ಯಗಳ ನಡುವಿನ ಫುಟ್‌ಬಾಲ್ ಅಂದ್ರೆ ನಮ್ಮಲ್ಲಿ ಸಂತೋಷ್ ಟ್ರೋಫಿ. 1941ರಿಂದ ನಡೀತಿದೆ. 2024ರ ಡಿಸೆಂಬರಿನಲ್ಲಿ ಅದರ 78ನೇ ಆವೃತ್ತಿಯ ಅಂತಿಮ ಸುತ್ತು ನಡೆದಿದ್ದು ಇಲ್ಲೇ, ಹೈದರಾಬಾದಿನಲ್ಲಿ. 12 ತಂಡಗಳು ಬಂದಿದ್ವು. ಡಿಸೆಂಬರ್ 31ರ ಫೈನಲ್ ನಮ್ಮ ಆಫೀಸುಗಳ ಪಕ್ಕದ ಗಚ್ಚಿಬೌಲಿ ಸ್ಟೇಡಿಯಂನಲ್ಲಿ. ಬಂಗಾಳ ಮತ್ತು ಕೇರಳ. ಗೋಲಿಲ್ಲದೆ ಮುಗಿಯುತ್ತೆ ಅನ್ನೋ ಹೊತ್ತಿಗೆ, ಹೆಚ್ಚುವರಿ ನಿಮಿಷಗಳಲ್ಲಿ ರಾಬಿ ಹಾನ್ಸ್‌ದಾ ಹೊಡೆದ ಒಂದೇ ಗೋಲು. ಬಂಗಾಳಕ್ಕೆ 33ನೇ ಟ್ರೋಫಿ. ಆ ಟೂರ್ನಿಯಲ್ಲಿ ಹಾನ್ಸ್‌ದಾ ಒಬ್ಬರೇ 12 ಗೋಲು ಹೊಡೆದಿದ್ರು. ಆಮೇಲೆ ಗೆದ್ದ ಹುಡುಗರಿಗೆ ಬಂಗಾಳ ಸರ್ಕಾರ ನೌಕರಿ ಕೊಡ್ತು. ರಾಜ್ಯದ ಅಂಗಿ ಅಂದ್ರೆ ಬರೀ ಅಭಿಮಾನ ಅಲ್ಲ, ಎಷ್ಟೋ ಮನೆಗಳಿಗೆ ಅದು ಅನ್ನದ ದಾರಿ.

ಆ 12ರಲ್ಲಿ ನಮ್ಮ ಕರ್ನಾಟಕ ಇರಲಿಲ್ಲ. ಬೇಜಾರಾಯ್ತು, ಯಾಕಂದ್ರೆ 2023ರ ಮಾರ್ಚಿನಲ್ಲಿ ಸೌದಿಯ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಟ್ರೋಫಿ ಎತ್ತಿದ್ದು ಇದೇ ಕರ್ನಾಟಕ. ಅದಕ್ಕೂ ಹಿಂದೆ ಗೆದ್ದಿದ್ದು 1968-69ರಲ್ಲಿ. ಆಗ ನಮ್ಮ ತಂಡದ ಹೆಸರು ಮೈಸೂರು. ಅಂದ್ರೆ ಕರ್ನಾಟಕ ಅನ್ನೋ ಹೆಸರಲ್ಲಿ ನಾವು ಮೊದಲ ಸಲ ಗೆದ್ದಿದ್ದೇ ರಿಯಾದ್‌ನಲ್ಲಿ.

ಈಗ ಹೈದರಾಬಾದ್ ತಂಡದ ಕಥೆ ಕೇಳಿ. 1950ರಿಂದ 54ರವರೆಗೆ ಹೈದರಾಬಾದ್ ಸಿಟಿ ಪೊಲೀಸ್ ತಂಡ ಸತತ ಐದು ಸಲ ರೋವರ್ಸ್ ಕಪ್ ಗೆದ್ದಿತ್ತು. ಕೋಚ್ ಸೈಯದ್ ಅಬ್ದುಲ್ ರಹೀಮ್. 'ಮೈದಾನ್' ಸಿನಿಮಾ ನೋಡಿದವರಿಗೆ ಗೊತ್ತಿರುತ್ತೆ. 1956-57 ಮತ್ತು 57-58ರಲ್ಲಿ ಸಂತೋಷ್ ಟ್ರೋಫಿಯನ್ನೂ ಹೈದರಾಬಾದೇ ಗೆದ್ದಿತು. ತಮಾಷೆ ನೋಡಿ, 1956ರ ನವೆಂಬರ್ 1ಕ್ಕೆ ಹೈದರಾಬಾದ್ ರಾಜ್ಯವೇ ಇಲ್ಲವಾಗಿತ್ತು! ಕಲಬುರಗಿ, ರಾಯಚೂರು, ಬೀದರ್ ಮೈಸೂರಿಗೆ ಬಂದ್ವು. ತೆಲುಗು ಜಿಲ್ಲೆಗಳು ಆಂಧ್ರಪ್ರದೇಶಕ್ಕೆ ಹೋದ್ವು. ನಕ್ಷೆಯಲ್ಲಿ ಇಲ್ಲದ ರಾಜ್ಯದ ಹೆಸರಲ್ಲಿ ಹುಡುಗರು ಆಡಿ ಗೆದ್ರು.

ಆ ತಂಡದಲ್ಲಿದ್ದವರು ತುಳಸೀದಾಸ್ ಬಲರಾಮ್. ಸಿಕಂದರಾಬಾದಿನವರು. 1957ರಲ್ಲಿ ಕೋಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿಗೆ ಹೋದ್ರು. ಆಮೇಲೆ ಸಂತೋಷ್ ಟ್ರೋಫಿಯಲ್ಲಿ ಬಂಗಾಳದ ಪರ ಆಡಿ ಗೆದ್ರು. 2023ರಲ್ಲಿ ತೀರಿಕೊಂಡಿದ್ದೂ ಬಂಗಾಳದಲ್ಲೇ. ಇವರನ್ನ ಯಾವ ರಾಜ್ಯದ ಲೆಕ್ಕಕ್ಕೆ ಬರೀತೀರಿ?

ಇದೇ ಗೊಂದಲ ಆಸ್ಟ್ರೇಲಿಯಾದಲ್ಲೂ ಇತ್ತು. ಅಲ್ಲಿನವರದ್ದು ಮೊಟ್ಟೆಯಾಕಾರದ ಚೆಂಡಿನ, ಒಂದು ಕಡೆ 18 ಜನ ಆಡೋ ಬೇರೆಯದೇ ಫುಟ್‌ಬಾಲ್. ದುಡ್ಡಿರೋ ದೊಡ್ಡ ಕ್ಲಬ್ಬುಗಳು ಮೆಲ್ಬರ್ನ್ ಇರೋ ವಿಕ್ಟೋರಿಯಾ ರಾಜ್ಯದಲ್ಲಿ. ಪರ್ತ್‌ನ ಒಳ್ಳೊಳ್ಳೆ ಹುಡುಗರು ಅಲ್ಲಿಗೆ ಕೆಲಸಕ್ಕೆ ಹೋದಂಗೆ ಹೋಗ್ತಿದ್ರು. ಆಮೇಲೆ ರಾಜ್ಯಗಳ ಪಂದ್ಯ ಬಂದಾಗ ವಿಕ್ಟೋರಿಯಾ ಅಂಗಿ ತೊಟ್ಟು ತಮ್ಮ ಊರಿನವರನ್ನೇ ಸೋಲಿಸ್ತಿದ್ರು. 1977ರಲ್ಲಿ ವಿಕ್ಟೋರಿಯಾ ಪಶ್ಚಿಮ ಆಸ್ಟ್ರೇಲಿಯಾವನ್ನು 63 ಪಾಯಿಂಟಿನಿಂದ ಸೋಲಿಸಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಹೊಸ ನಿಯಮ ತಂದ್ರು, 'ಸ್ಟೇಟ್ ಆಫ್ ಆರಿಜಿನ್' ಅಂತ. ಈಗ ಎಲ್ಲಿ ಆಡ್ತೀಯ ಅನ್ನೋದಲ್ಲ, ಮೊದಲು ಎಲ್ಲಿ ಆಡಿ ಬೆಳೆದೆ ಅನ್ನೋದೇ ಲೆಕ್ಕ. ಹುಡುಗರು ತಮ್ಮ ಕಡೆಗೆ ವಾಪಸ್ ಬಂದ್ರು. ಪಶ್ಚಿಮ ಆಸ್ಟ್ರೇಲಿಯಾ 94 ಪಾಯಿಂಟಿನಿಂದ ಗೆದ್ದಿತು!

ಇದನ್ನೆಲ್ಲಾ ಯಾಕೆ ಹೇಳ್ತಿದೀನಿ ಅಂದ್ರೆ, ಈ ಪ್ರಶ್ನೆ ಈಗ ನಮ್ಮ ಮನೆಗೇ ಬಂದಿದೆ. ನನ್ನ ಮಗಳಿಗೆ 14. ಹುಟ್ಟಿದ್ದು ಕಲಬುರಗಿಯಲ್ಲಿ, ಅಜ್ಜಿ ಮನೆಯಲ್ಲಿ. ಚೆಂಡು ಒದೆಯೋದು ಕಲಿತಿದ್ದು ಇಲ್ಲಿ, ಕೊಂಡಾಪುರದ ಮೈದಾನದಲ್ಲಿ. ತೆಲಂಗಾಣದ ಹುಡುಗಿಯರ ತಂಡದ ಆಯ್ಕೆಗೆ ಕಳಿಸಿ ಅಂತ ಅವಳ ಕೋಚ್ ಹೇಳಿದ್ರು. ಊರಿಗೆ ಫೋನ್ ಮಾಡಿದ್ರೆ ನಮ್ಮಪ್ಪ, "ಕರ್ನಾಟಕದ ಹುಡುಗಿ ತೆಲಂಗಾಣದ ಅಂಗಿ ಹಾಕ್ಕೊಂಡು ಆಡೂದಂದ್ರ ಹ್ಯಾಂಗೋ? ನಾಳೆ ನಮ್ಮವರ ಮ್ಯಾಲೇ ಗೋಲ್ ಹೊಡದ್ರ?" ಅಂದ್ರು.

ಅದು ಸಿಟ್ಟಲ್ಲ. ಮೊಮ್ಮಗಳು ಕೈತಪ್ಪಿ ಹೋಗ್ತಾಳೆ ಅನ್ನೋ ಭಯ. ಆ ಭಯ ನನಗೂ ಇದೆ. ಅವಳ ಕನ್ನಡದಲ್ಲಿ ಈಗಾಗಲೇ ಅರ್ಧ ತೆಲುಗು. ಆದ್ರೂ ಕೇಳಿದೆ, "ಅಪ್ಪಾ, ನೀವು ಹುಟ್ಟಿದಾಗ ಗುಲ್ಬರ್ಗಾ ಯಾವ ರಾಜ್ಯದಾಗಿತ್ತು?" ಅವರು ಹುಟ್ಟಿದ್ದು 1949. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೈದರಾಬಾದ್ ರಾಜ್ಯ" ಅಂದ್ರು.

ಆಸ್ಟ್ರೇಲಿಯಾದವರ ನಿಯಮ ಹಾಕಿದ್ರೆ ನಾನು ಕರ್ನಾಟಕ, ಮಗಳು ತೆಲಂಗಾಣ. ಒಂದೇ ಮನೆಯಲ್ಲಿ ಎರಡು ರಾಜ್ಯ. ಅದರಲ್ಲಿ ತಪ್ಪೇನಿಲ್ಲ ಅನ್ನೋದು ನನ್ನ ಅಭಿಪ್ರಾಯ. ಅವಳ ಕಾಲಿಗೆ ಆಟ ಕಲಿಸಿದ್ದು ಈ ನೆಲ. ಮನೆಯಲ್ಲಿ ಕನ್ನಡ ಉಳಿಸೋದು ನನ್ನ ಕೆಲಸ, ಅದನ್ನ ಅವಳ ಅಂಗಿಯ ಮೇಲೆ ಹೊರಿಸೋದು ಬೇಡ.

ನಿಮ್ಮ ಮಕ್ಕಳೂ ಆಡ್ತಿದ್ರೆ, "ಮುಂದೆ ಊರಿಗೆ ಹೋದಾಗ ನೋಡೋಣ" ಅಂತ ತಡೀಬೇಡಿ. ವಯಸ್ಸು ಕಾಯೋದಿಲ್ಲ. ಜನನ ಪ್ರಮಾಣಪತ್ರ, ಶಾಲೆಯ ದಾಖಲೆ ಈಗಲೇ ಸರಿಯಾಗಿ ಇಟ್ಟುಕೊಳ್ಳಿ. ಎಲ್ಲಿ ಆಡ್ತಿದಾರೋ ಅಲ್ಲೇ ಆಯ್ಕೆಗೆ ಕಳಿಸಿ.

ನಮ್ಮ ಆಯ್ಕೆ ಮುಂದಿನ ಭಾನುವಾರ. ಅಪ್ಪ ಶನಿವಾರ ರಾತ್ರಿ ಬಸ್ಸಿಗೆ ಬರ್ತಿದಾರೆ. ಕರ್ನಾಟಕದ ವಿರುದ್ಧ ಪಂದ್ಯ ಬಂದ್ರೆ ಯಾರ ಕಡೆ ಕೂಗ್ತೀರಿ ಅಂತ ಕೇಳಿದೆ. "ಆವಾಗ ನೋಡೂಣು" ಅಂದ್ರು.