ನೀರುಗಂಟಿಗೆ ಸಲ್ಲಬೇಕಾದ ಗೌರವ

(ಯಲಹಂಕ ತಾಲ್ಲೂಕಿನ ಗ್ರಾಮ ಪಂಚಾಯಿತಿ ಸದಸ್ಯರ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ)



ನಮ್ಮ ಬದುಕನ್ನು ರೂಪಿಸಿದವರು ಯಾರೆಂದು ಕೇಳಿದರೆ ತಂದೆ-ತಾಯಿ, ಗುರುಗಳು, ನಾಡಿನ ಹಿರಿಯರು ನೆನಪಿಗೆ ಬರುತ್ತಾರೆ. ನಸುಕಿನಲ್ಲೆದ್ದು ವಾಲ್ವ್ ತಿರುಗಿಸಿ ನಮ್ಮ ಮನೆಯ ನಲ್ಲಿಗೆ ನೀರು ಹರಿಸುವವರು ಆ ಪಟ್ಟಿಯಲ್ಲಿ ಸೇರುವುದು ಅಪರೂಪ. ನೀರು ಬಾರದ ದಿನ ಮಾತ್ರ ಅವರ ನೆನಪಾಗುತ್ತದೆ. ಆದುದರಿಂದ ಇಂದು ನಮ್ಮ ಪಂಚಾಯಿತಿಗಳ ನೀರುಗಂಟಿಗಳ ಕುರಿತು ಕೆಲವು ಮಾತುಗಳನ್ನು ತಮ್ಮ ಮುಂದಿಡಬಯಸುತ್ತೇನೆ.

ನೀರುಗಂಟಿ ಎಂಬ ಪದ ಹೊಸದಲ್ಲ. ಹಳೆಯ ಮೈಸೂರು ಸೀಮೆಯ ಕೆರೆಯೂರುಗಳಲ್ಲಿ ತೂಬು ತೆರೆದು ಮುಚ್ಚುವುದು, ಅಚ್ಚುಕಟ್ಟಿನ ಗದ್ದೆಗಳಿಗೆ ಸರದಿಯಂತೆ ನೀರು ಹಂಚುವುದು, ಏರಿಯ ಬಿರುಕನ್ನು ಮೊದಲು ಕಂಡು ಊರಿಗೆ ತಿಳಿಸುವುದು ಆತನ ಹೊಣೆಯಾಗಿತ್ತು. ಸುಗ್ಗಿಯಲ್ಲಿ ಧಾನ್ಯದ ರೂಪದಲ್ಲಿ ಆತನಿಗೆ ಪಾಲು ಸಲ್ಲುತ್ತಿತ್ತು. ಈ ಕಾಯಕವನ್ನು ಬಹುಮಟ್ಟಿಗೆ ನಿರ್ವಹಿಸಿದವರು ದಲಿತ ಕುಟುಂಬಗಳವರು. ಊರಿನ ನೀರನ್ನು ನ್ಯಾಯವಾಗಿ ಹಂಚುತ್ತಿದ್ದವನಿಗೆ ಊರಿನ ಬಾವಿಯ ನೀರು ಸೇದುವ ಹಕ್ಕು ಎಷ್ಟೋ ಕಡೆ ಇರಲಿಲ್ಲ. 1963ರಲ್ಲಿ ಜಾರಿಗೆ ಬಂದ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆಯು ವಂಶಪಾರಂಪರ್ಯದ ಹುದ್ದೆಗಳನ್ನು ಕೊನೆಗೊಳಿಸಿತು. ಹುಟ್ಟಿನಿಂದ ಅಂಟಿದ ಹೊರೆ ಇಳಿದುದು ಒಳ್ಳೆಯದೇ ಆಯಿತು. ಆದರೆ ಆ ಹೊರೆಯೊಡನೆ ಇದ್ದ ತಿಳಿವಳಿಕೆಯನ್ನು ಬರೆದಿಡುವ ಏರ್ಪಾಡು ಆಗಲಿಲ್ಲ.

ಇದರ ಪರಿಣಾಮವನ್ನು ಅರಿಯಲು ನಾವು ದೂರ ಹೋಗಬೇಕಾಗಿಲ್ಲ. ಪಕ್ಕದ ಅಟ್ಟೂರನ್ನೇ ನೋಡೋಣ. ಕೆರೆಯನ್ನು ಹೊಂದಿದ ಆ ಹಳ್ಳಿ ನಗರದೊಳಗೆ ಸೇರಿ, 2010ರ ಪಾಲಿಕೆ ಚುನಾವಣೆಯ ವೇಳೆಗೆ 3ನೆಯ ವಾರ್ಡಾಗಿತ್ತು. ಕೆರೆ ಇಂದಿಗೂ ಇದೆ. ಸುತ್ತಲೂ ಬಡಾವಣೆಗಳು ಎದ್ದಿವೆ. ಹೀಗೆ ನಗರ ಸೇರಿದ ಊರುಗಳಲ್ಲಿ ಮಳೆನೀರು ಯಾವ ಹಾದಿಯಲ್ಲಿ ಬರುತ್ತಿತ್ತು, ಕೋಡಿ ಬಿದ್ದಾಗ ಎತ್ತ ಹರಿಯುತ್ತಿತ್ತು ಎಂಬುದನ್ನು ಇಂದು ಸರ್ವೆ ನಕಾಶೆಗಳಲ್ಲಿ ಹುಡುಕಬೇಕಾಗಿದೆ. ನೀರುಗಂಟಿಗೆ ಅದು ನಿತ್ಯ ನಡೆದಾಡಿದ ದಾರಿಯಾಗಿತ್ತು.

ನಮ್ಮದೇ ಭಾಗದ ಹೆಸರಘಟ್ಟದಿಂದ 1890ರ ದಶಕದಲ್ಲಿ ಬೆಂಗಳೂರಿಗೆ ಕೊಳವೆಯ ಮೂಲಕ ನೀರು ಹರಿಯಿತು. ಆ ಕಾಲದ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರನ್ನು ನಾವು ಗೌರವದಿಂದ ನೆನೆಯುತ್ತೇವೆ, ಅದು ಉಚಿತವೇ. ಆ ಕೊಳವೆಗಳನ್ನು ದಿನನಿತ್ಯ ಕಾಯ್ದವರ ಹೆಸರನ್ನು ಯಾವ ಫಲಕದ ಮೇಲೂ ಕಾಣೆವು.

ಇಂದಿನ ನೀರುಗಂಟಿಯ ಹೊಣೆ ಹಿಂದಿಗಿಂತ ಹಗುರವಾಗಿಲ್ಲ. ಜಲ ಜೀವನ್ ಮಿಷನ್ ಪ್ರಕಾರ ಪ್ರತಿಯೊಬ್ಬರಿಗೂ ದಿನಕ್ಕೆ 55 ಲೀಟರ್ ನೀರು ದೊರೆಯಬೇಕು. ಸಾವಿರ ಜನರಿರುವ ಹಳ್ಳಿಗೆ ಅದು 55,000 ಲೀಟರ್. ಅಷ್ಟು ನೀರನ್ನು ಮೇಲ್ತೊಟ್ಟಿಗೆ ಏರಿಸುವುದು ಪಂಪಿನ ಕೆಲಸ. ಎತ್ತರದ ಬೀದಿಯ ಕಡೆಯ ಮನೆಗೂ ಅದು ತಲುಪುವಂತೆ ಮಾಡುವುದು ನೀರುಗಂಟಿಯ ಕೆಲಸ. ನಾನು ಓದಿದ್ದು ಎಂಜಿನಿಯರಿಂಗ್. ನಕ್ಷೆಯಿಂದ ಕೊಳವೆಯ ವ್ಯಾಸ ತಿಳಿಯುತ್ತದೆ. ಯಾವ ವಾಲ್ವನ್ನು ಎಷ್ಟು ಸುತ್ತು ತಿರುಗಿಸಿದರೆ ಯಾವ ಬೀದಿಗೆ ನೀರೇರುತ್ತದೆ, ರಸ್ತೆಯ ಕಾಂಕ್ರೀಟಿನಡಿ ಹಳೆಯ ಜೋಡಣೆ ಎಲ್ಲಿ ಹುದುಗಿದೆ, ಯಾವ ಕೊಳವೆಬಾವಿ ಮಾರ್ಚ್ ತಿಂಗಳಲ್ಲೇ ಸೊರಗುತ್ತದೆ ಎಂಬುದು ಬಹುಪಾಲು ಅವರ ನೆನಪಿನಲ್ಲಿ ಮಾತ್ರ ಇರುತ್ತದೆ. ಅವರು ನಿವೃತ್ತರಾದ ದಿನ ಆ ನೆನಪೂ ಪಂಚಾಯಿತಿಯಿಂದ ಹೊರಟುಹೋಗುತ್ತದೆ.

ಆದುದರಿಂದ, ಮಾನ್ಯ ಸದಸ್ಯರೇ, ರಾಜ್ಯೋತ್ಸವದಂದು ಶಾಲು ಹೊದಿಸಿ ಫೋಟೋ ತೆಗೆಸಿಕೊಳ್ಳುವುದರಲ್ಲಿ ನಮ್ಮ ಕೃತಜ್ಞತೆ ಮುಗಿಯದಿರಲಿ. ಕೃತಜ್ಞತೆ ಸಭೆಯ ನಡವಳಿಯಲ್ಲಿಯೂ ದಾಖಲಾಗಬೇಕು. ಅದಕ್ಕಾಗಿ ನಾಲ್ಕು ವಿಷಯಗಳನ್ನು ತಮ್ಮ ಪರಿಶೀಲನೆಗೆ ಮಂಡಿಸುತ್ತೇನೆ.

ಒಂದು, ವೇತನ. ನೀರುಗಂಟಿಯ ವೇತನ ಪಾವತಿಯ ಸ್ಥಿತಿಯನ್ನು ಪ್ರತಿ ತಿಂಗಳ ಸಭೆಯ ಮೊದಲ ವಿಷಯವಾಗಿ ಓದಬೇಕು. ಬಾಕಿಯಿದ್ದರೆ ಕಾರಣವನ್ನು ಬರೆಯಬೇಕು.

ಎರಡು, ಸುರಕ್ಷತೆ. ಯಾರೂ ಒಂಟಿಯಾಗಿ ತೊಟ್ಟಿಯೊಳಗೆ ಇಳಿಯಕೂಡದು. ಬ್ಲೀಚಿಂಗ್ ಪುಡಿ ಬೆರೆಸಲು ಕೈಗವಸು, ಮುಖಗವಸು ಒದಗಿಸಬೇಕು. ನಲ್ಲಿಯ ತುದಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯೇ ಎಂದು ಪರೀಕ್ಷಿಸಲು ಅವರಿಗೆ ಕಿಟ್ ಮತ್ತು ತರಬೇತಿ ನೀಡಬೇಕು.

ಮೂರು, ರಜೆ. ಊರು ಪ್ರತಿದಿನ ನೀರು ಕುಡಿಯುತ್ತದೆ. ಹಾಗೆಂದು ಒಬ್ಬನೇ ಮನುಷ್ಯ ವರ್ಷವಿಡೀ ದುಡಿಯಬೇಕೆಂದಿಲ್ಲ. ಬದಲಿ ವ್ಯಕ್ತಿಯೊಬ್ಬರನ್ನು ಸಿದ್ಧಗೊಳಿಸಬೇಕು.

ನಾಲ್ಕು, ದಾಖಲೆ. ತಾವು ತಮ್ಮ ವಾರ್ಡಿನಲ್ಲಿ ಒಂದು ಬೆಳಗ್ಗೆ ನೀರುಗಂಟಿಯೊಡನೆ ನಡೆಯಬೇಕು. ಅವರು ತೋರಿದ ಪ್ರತಿ ವಾಲ್ವ್, ಪ್ರತಿ ಜೋಡಣೆಯನ್ನು ಗುರುತಿಸಿ ನಕ್ಷೆ ಸಿದ್ಧಪಡಿಸಬೇಕು. ಅದರ ಕೆಳಗೆ ತೋರಿಸಿದವರ ಹೆಸರು ಇರಲಿ. ಗ್ರಾಮಸಭೆಯಲ್ಲಿ ಅದನ್ನು ಓದಲಿ.

ಇವುಗಳಲ್ಲಿ ಮೊದಲ ಮೂರು ಅವರ ಹಕ್ಕುಗಳು. ಅವನ್ನು ಸಲ್ಲಿಸಿದ ಬಳಿಕವೇ ನಮ್ಮ ಹೊಗಳಿಕೆಗೆ ಅರ್ಥ ಬರುತ್ತದೆ. ನಾಲ್ಕನೆಯದು ನಮ್ಮ ಅಗತ್ಯ. ಅಟ್ಟೂರಿನಂತೆ ಸಿಂಗನಾಯಕನಹಳ್ಳಿ, ರಾಜಾನುಕುಂಟೆಗಳತ್ತಲೂ ನಗರ ಸಾಗಿ ಬರುತ್ತಿದೆ. ಅದು ಬರುವ ಮುನ್ನ ನಮ್ಮ ನೀರಿನ ಲೆಕ್ಕ ನಮ್ಮ ಕೈಯಲ್ಲಿರಲಿ.

ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಯಲ್ಲಿ ಈ ನಾಲ್ಕು ಅಂಶಗಳನ್ನು ಸೇರಿಸಬೇಕೆಂದು ವಿನಂತಿಸುತ್ತೇನೆ. ಆ ಸಭೆಗೆ ನೀರುಗಂಟಿಯನ್ನೂ ಆಹ್ವಾನಿಸಿ, ಕುರ್ಚಿ ನೀಡಿ, ಅವರ ಮಾತನ್ನು ಮೊದಲು ಕೇಳೋಣ.