ಎತ್ತಿಗೊಂದು ಸೋಮವಾರ, ನಮಗೆ?

(ಬೆಳ್ಳಿಹಬ್ಬದ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ಸಂಘದ ಲೆಕ್ಕಪತ್ರ ಅಧ್ಯಕ್ಷರು ಓದಿದ್ದಾರೆ. ಲೆಕ್ಕದ ಪುಸ್ತಕದಾಗ ಬರಲಾರದ ಒಂದು ಮಾತು ನಾನು ಹೇಳುತ್ತೇನೆ. "ಯಾಕೋ ಏನೂ ಬ್ಯಾಡ ಅನಸ್ತೈತಿ ನೋಡ್ರಿ" ಎಂಬುದನ್ನು ಈಚೆಗೆ ಕಟ್ಟೆಯ ಮೇಲೆ ಬಹಳ ಕೇಳುತ್ತೇನೆ. ಹೇಳುವವರು ಸೋಮಾರಿಗಳಲ್ಲ, ಹತ್ತಾರು ವರ್ಷ ಮೈಮುರಿದು ದುಡಿದವರು.

ಮೈ ದಣಿದರೆ ಒಂದು ರಾತ್ರಿ ನಿದ್ದೆಗೆ ಹೋಗುತ್ತದೆ. ಮನಸ್ಸು ದಣಿದರೆ ನಿದ್ದಿನೇ ಬರೂದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಇದಕ್ಕೆ ಮೂರು ಗುರುತು ಹೇಳಿದೆ: ಶಕ್ತಿ ಬತ್ತುವುದು, ಮಾಡುವ ಕೆಲಸದ ಮೇಲೆಯೇ ಬೇಸರ, ಎಷ್ಟು ಮಾಡಿದರೂ ಕೈಹತ್ತದು ಎಂಬ ಭಾವನೆ. ಅವರು ಬರೆದದ್ದು ನೌಕರಿಯವರನ್ನು ನೆನೆದು. ಮಳೆ ನಂಬಿದ ಕುಷ್ಟಗಿ, ಯಲಬುರ್ಗಾದ ರೈತನಿಗೆ ರಜೆಯೂ ಇಲ್ಲ, ಪಗಾರವೂ ಇಲ್ಲ. ಅವನ ಮಾಲಿಗೆ ದರ ಕಟ್ಟುವವನು ಬೇರೆ. ದುಡಿತಕ್ಕಿಂತ, ದುಡಿದದ್ದು ನಮ್ಮ ಕೈಯಲ್ಲಿಲ್ಲ ಎಂಬುದೇ ಮನಸ್ಸನ್ನು ಹೆಚ್ಚು ತಿನ್ನುತ್ತದೆ ಎಂದು ನನ್ನ ಅಭಿಪ್ರಾಯ.

ಕೈಚೆಲ್ಲಿದ ಮನಸ್ಸು ತಿರುಗಿ ಹೇಗೆ ನಿಲ್ಲುತ್ತದೆ? 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ಕಡಿದು ಗೇಟು ಕೊಚ್ಚಿಹೋಯಿತು. ಹಿಂದಿನ ವರ್ಷ ಬರ; ಈಗ ತುಂಬಿದ ನೀರು ಕಣ್ಣೆದುರೇ ಹೊಳೆಪಾಲು. ಗಂಗಾವತಿ ಕಡೆ ಭತ್ತದವರು ಆಸೆ ಬಿಟ್ಟಿದ್ದರು. ಗೇಟ್ ತಜ್ಞ ಕನ್ನಯ್ಯ ನಾಯ್ಡು ಮತ್ತು ಕೆಲಸಗಾರರು ಇಡೀ ಗೇಟನ್ನು ಒಮ್ಮೆಗೇ ಕೂಡಿಸಲು ಹೋಗಲಿಲ್ಲ. ಹರಿಯುವ ನೀರಿನಲ್ಲೇ ಉಕ್ಕಿನ ತುಂಡುಗಳನ್ನು ಒಂದರ ಮೇಲೊಂದು ಇಳಿಸಿದರು. 16ರಂದು ಮೊದಲನೆಯದು ಕೂತಿತು. ಅದು ಕೂತದ್ದು ಕಂಡ ಮೇಲೆ ನೋಡುವವರಿಗೂ ಜೀವ ಬಂತು. ಮರುದಿನ ಕೆಲಸ ಮುಗಿಯಿತು, ಮುಂಗಾರು ಬೆಳೆಗೆ ನೀರು ಸಿಕ್ಕಿತು.

ಅದಕ್ಕೇ ಹೇಳುತ್ತೇನೆ, ದಣಿದವನಿಗೆ "ಧೈರ್ಯ ತಗೋಪಾ" ಎಂದು ಬುದ್ಧಿ ಹೇಳಿ ಬರಬ್ಯಾಡ್ರಿ. ಒಂದು ಭಾರ ಇಳಿಸಿರಿ. ಅವನ ನಾಲ್ಕು ಚೀಲ ನಿಮ್ಮ ಟ್ರ್ಯಾಕ್ಟರಿನಲ್ಲಿ ಹಾಕಿಕೊಳ್ಳಿರಿ, ಸಾಲದ ಕಾಗದ ಜೊತೆಗೆ ಕೂತು ಓದಿರಿ.

ಹಿರಿಯರು ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುತ್ತಿರಲಿಲ್ಲ. ಎತ್ತಿಗಿದ್ದ ಆ ಸವಲತ್ತು ನಮ್ಮ ಕಾರ್ಯದರ್ಶಿಯವರಿಗಿಲ್ಲ. ನಗಬ್ಯಾಡ್ರಿ, ಖರೇನ ಐತಿ. ಭಾನುವಾರವೂ ಅವರ ಮನೆ ಬಾಗಿಲು ಬಡಿಯುತ್ತೇವೆ. ಇದು ನಿಲ್ಲಬೇಕು.

ಊಟ, ನಿದ್ದೆ ಬಿಟ್ಟು ಬದುಕೇ ಬ್ಯಾಡ ಎನ್ನುವವರೆಗೆ ಹೋದರೆ ಅದು ಕಟ್ಟೆಯ ಮಾತಲ್ಲ, ವೈದ್ಯರ ಕೆಲಸ. ಸರ್ಕಾರದ ಟೆಲಿ-ಮಾನಸ್ 14416ಕ್ಕೆ ಫೋನು ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಈ ನಂಬರನ್ನು ಸಂಘದ ಗೋಡೆಯ ಮೇಲೆ ಗೊಬ್ಬರದ ದರಪಟ್ಟಿಯ ಪಕ್ಕ ಇಂದೇ ಬರೆಸಬೇಕೆಂದು ಸೂಚಿಸುತ್ತೇನೆ. ಒಪ್ಪಿದವರು ಕೈ ಎತ್ತಿರಿ.